ಸಿರಿನೆಲವನ್ನು ಬಡವಾಗಿಡುವ ಕ್ರಮ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಗ್ರಿ: ತಾಮ್ರ, ಕೋಬಾಲ್ಟ್, ವಜ್ರ ಹುದುಗಿರುವ ದೊಡ್ಡ ದೇಶ ಒಂದು, ಜತೆಗೆ ತುಂಬಿ ಹರಿಯುವ ನದಿ. ಬರಡು ನೆಲ ಬೇಡ. ಅದು ಬಡವಾಗಿಯೇ ಉಳಿದರೆ ನಿಮ್ಮ ಕೈಚಳಕ ಯಾರಿಗೂ ಕಾಣದು. ಮಾಡಿ ನೋಡಿ ಗೆದ್ದ ಮಾದರಿ: ಕಾಂಗೊ.

ಹಂತ 1: ಮೊದಲ ಕೆಲಸ ಹೊರಗಿನವರಿಗೆ ಬಿಡಿ. 1885ರಿಂದ 1908ರವರೆಗೆ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್ ಇಡೀ ದೇಶವನ್ನು ಸ್ವಂತ ಆಸ್ತಿ ಮಾಡಿಕೊಂಡು ರಬ್ಬರ್ ಹಿಂಡಿದ. ಆಮೇಲೆ ಬೆಲ್ಜಿಯಂ ಸರ್ಕಾರ ಗಣಿ ತೋಡಿತು, ರೈಲು ಹಳಿ ಹಾಕಿತು. ಉನ್ನತ ಶಿಕ್ಷಣವನ್ನು ಕೊನೆಗಾಲದವರೆಗೂ ಮುಂದೂಡಿತು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಪದವೀಧರರು ಮೂವತ್ತು ಮಂದಿಯೂ ಇರಲಿಲ್ಲ.

ಹಂತ 2: ಲೆಕ್ಕ ಕೇಳುವವರನ್ನು ತೆಗೆಯಿರಿ. ಮೊದಲ ಪ್ರಧಾನಿ ಲುಮುಂಬಾ 1961ರ ಜನವರಿಯಲ್ಲಿ ಕೊಲೆಯಾದರು. 1965ರಲ್ಲಿ ಕುರ್ಚಿ ಹಿಡಿದ ಸೇನಾಧಿಕಾರಿ ಮೊಬುಟು 1997ರವರೆಗೆ ಬಿಡಲಿಲ್ಲ.

ಹಂತ 3: ವಿದೇಶಿಯರ ಅಂಗಡಿ, ತೋಟಗಳನ್ನು ದೇಶಾಭಿಮಾನದ ಹೆಸರಲ್ಲಿ ಕಿತ್ತು ಬಂಟರಿಗೆ ಹಂಚಿ (1973). ವ್ಯಾಪಾರ ಬಾರದವರಿಗೆ ಆದ್ಯತೆ.

ಹಂತ 4: ಸಾಲ ತಂದು ದೊಡ್ಡದನ್ನೇ ಕಟ್ಟಿ. ಇಂಗಾ ಅಣೆಕಟ್ಟಿನಿಂದ ಕಟಾಂಗದ ಗಣಿಗಳಿಗೆ ಸುಮಾರು 1,700 ಕಿಲೋಮೀಟರ್ ವಿದ್ಯುತ್ ತಂತಿ ಎಳೆಯಿರಿ. ತಂತಿ ಹಳ್ಳಿಗಳ ನೆತ್ತಿಯ ಮೇಲೆ ಹಾಯಲಿ, ದಾರಿಯಲ್ಲಿ ಯಾರ ಮನೆಗೂ ಇಳಿಯದಿರಲಿ. ನಾಯಕರ ಊರು ಗ್ಬಾಡೊಲೀಟೆಯಲ್ಲಿ ಮಾತ್ರ ಕಾಂಕಾರ್ಡ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಇರಲಿ.

ಹಂತ 5: ಸಾಲ ತೀರಿಸುವ ಚಿಂತೆ ಬಿಡಿ. ಐಎಂಎಫ್ ಕಳಿಸಿದ್ದ ಜರ್ಮನ್ ಬ್ಯಾಂಕರ್ ಎರ್ವಿನ್ ಬ್ಲೂಮೆಂಥಾಲ್, ಕೊಟ್ಟ ಹಣ ವಾಪಸು ಬರುವುದಿಲ್ಲವೆಂದು 1982ರಲ್ಲೇ ವರದಿ ಬರೆದರು. ಆದರೂ ಸಾಲ ನಿಲ್ಲಲಿಲ್ಲ. ಶೀತಲ ಸಮರದಲ್ಲಿ ಮೊಬುಟು ಅಮೆರಿಕದ ಕಡೆಯವನು. ಅದಕ್ಕಿಂತ ದೊಡ್ಡ ಜಾಮೀನು ಬೇಕೆ?

ಎಚ್ಚರಿಕೆ: ತಪ್ಪಾಗಿ ಬಳಸಿದರೆ ಬಡತನ ಕೆಡುತ್ತದೆ. 1966ರಲ್ಲಿ ಸ್ವತಂತ್ರವಾದಾಗ ಬೋಟ್ಸ್ವಾನಾದಲ್ಲಿ ಡಾಂಬರು ರಸ್ತೆ ಹನ್ನೆರಡು ಕಿಲೋಮೀಟರ್ ಇದ್ದರೆ ಹೆಚ್ಚು. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಅಧ್ಯಕ್ಷ ಸೆರೆಟ್ಸೆ ಖಾಮಾ ತಮ್ಮ ಕುಲದವರ ನೆಲದ ಗಣಿಹಕ್ಕನ್ನೂ ದೇಶಕ್ಕೇ ಒಪ್ಪಿಸಿದರು. ಡಿ ಬೀರ್ಸ್ ಕಂಪನಿಯೊಂದಿಗೆ ಚೌಕಾಸಿ ಮಾಡಿ 1975ರ ಹೊತ್ತಿಗೆ ಗಣಿಯಲ್ಲಿ ಅರ್ಧ ಪಾಲು ಪಡೆದು, ಬಂದ ಹಣವನ್ನು ಶಾಲೆ, ರಸ್ತೆಗಳಿಗೆ ಹಾಕಿದರು. ಉಳ್ಳವರು, ಇಲ್ಲದವರ ನಡುವಿನ ಅಂತರ ಅಲ್ಲಿ ಇಂದಿಗೂ ದೊಡ್ಡದು ಎಂಬುದಷ್ಟೇ ನಿಮಗೆ ಸಮಾಧಾನ.

ದೋಷ ನಿವಾರಣೆ: ಸಂಬಳ ಸಿಗದೆ ಜನ ಗೊಣಗಿದರೆ 15ನೇ ವಿಧಿ ತೋರಿಸಿ. ಸಂವಿಧಾನದಲ್ಲಿ ಇದೆಯೆಂದು ಕಾಂಗೊದವರೇ ನಗೆಯಾಡುವ ಆ ವಿಧಿ ಹೇಳುವುದಿಷ್ಟೆ: ನಿಮ್ಮ ದಾರಿ ನೀವೇ ನೋಡಿಕೊಳ್ಳಿ. ಯಾರಾದರೂ ಬೋಟ್ಸ್ವಾನಾದ ಮಾತೆತ್ತಿದರೆ, ‘ಅಲ್ಲಿ ಜನಸಂಖ್ಯೆ ಕಡಿಮೆ’ ಎನ್ನಿ. ಮಾತು ನಿಜವಾದ್ದರಿಂದ ವಾದ ಅಲ್ಲಿಗೇ ನಿಲ್ಲುತ್ತದೆ. ಗಣಿಯ ಲೆಕ್ಕದ ಪುಸ್ತಕ ತೋರಿಸಿ ಎಂದು ಯಾರೂ ಕೇಳುವುದಿಲ್ಲ.