ಚಿಕ್ಕಪ್ಪನ ಗೋಲಿ

ಮನೆ ನೋಡಲು ಹೊರಟಾಗ ನನ್ನ ಕೈಯಲ್ಲಿ ಬ್ಯಾಂಕ್ ಸಾಲದ ಅರ್ಜಿಯಿತ್ತು. ಚಿಕ್ಕಪ್ಪನ ಜೇಬಿನಲ್ಲಿ ಎರಡು ರೂಪಾಯಿಯ ನಾಣ್ಯ, ಒಂದು ಟೆಸ್ಟರು, ಒಂದು ಗೋಲಿ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷ ಕಳೆದರೂ ಅವರು ಇವತ್ತಿಗೂ ಯಾವ ಗೋಡೆಯನ್ನೂ ನಂಬುವುದಿಲ್ಲ.

ಅದು 2025ರ ಜನವರಿ. ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟಿನ ಮೇಲೆ ಎದ್ದು ನಿಂತ ಕಟ್ಟಡದ ಮೂರನೇ ಮಹಡಿಯ ಫ್ಲ್ಯಾಟು. ಬಾಗಿಲು ತೆರೆದರೆ ಹೊಸ ಪೇಂಟಿನ ಘಮ. ನನಗೆ ಆಗಲೇ ಗೃಹಪ್ರವೇಶದ ಹೋಳಿಗೆ ಕಣ್ಣ ಮುಂದೆ ಬಂತು. ಚಿಕ್ಕಪ್ಪ ಮಾತ್ರ ಮೂಗರಳಿಸಿ, "ಮಳೆಗಾಲ ಮುಗಿದ ಮೇಲೆ ಒಂದೇ ಗೋಡೆಗೆ ಬಣ್ಣ ಬಳಿದಿದ್ದಾರೆ ನೋಡೋ" ಅಂದವರೇ ಆ ಗೋಡೆಗೆ ಕೆನ್ನೆ ಆನಿಸಿದರು. ಗೋಡೆ ತಣ್ಣಗಿತ್ತಂತೆ. ಆಮೇಲೆ ನಾಣ್ಯದಿಂದ ಒಂದೊಂದೇ ಟೈಲ್ಸ್ ಕುಟ್ಟುತ್ತ ಹೋದರು: ಗಟ್ಟಿ, ಗಟ್ಟಿ, ಟೊಳ್ಳು. ಕಲ್ಲಂಗಡಿ ಆರಿಸುವಾಗಲೂ ಅವರದು ಇದೇ ತನ್ಮಯತೆ.

ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇಳಿದಿತ್ತು.

"ಪ್ಲಾಸ್ಟರಿಂದು ಸಾರ್, ಎಲ್ಲಾ ಮನೇಲೂ ಇರುತ್ತೆ" ಅಂದ ಬ್ರೋಕರ್.

"ಪ್ಲಾಸ್ಟರಿಂದಾದ್ರೆ ಕೂದಲೆಳೆ ಥರ ಜೇಡರ ಬಲೆ ಕಟ್ಟಿರ್ತಿತ್ತಪ್ಪ. ಓರೆಯಾಗಿ ಓಡಿದ್ರೆ ತಳಪಾಯ ಕೂತಿದೆಯಾ ಅಂತ ಕೇಳ್ಬೇಕು."

ಬಚ್ಚಲಿನಲ್ಲಿ ಗೋಲಿ ಬಿಟ್ಟರು. ಮೋರಿಯ ಕಡೆ ಹೋಗಬೇಕಾದ್ದು ನಿಧಾನವಾಗಿ ಹೊಸ್ತಿಲ ಬಳಿ ಬಂದು, ನಮ್ಮ ಮುಖ ನೋಡಿ ನಿಂತಿತು. ನಾಳೆ ಸ್ನಾನದ ನೀರೂ ಹಾಗೇ ಹಾಲಿಗೆ ಬಂದು ನೆಂಟರನ್ನು ವಿಚಾರಿಸಿಕೊಳ್ಳುತ್ತದೆ.

ಮಳೆಕೊಯ್ಲು ಎಲ್ಲಿ ಅಂದರು. ಬೆಂಗಳೂರಿನಲ್ಲಿ ಇಷ್ಟಗಲದ ಸೈಟಿನ ಹೊಸ ಮನೆಗೂ ಅದು ಕಡ್ಡಾಯ, 2009ರಿಂದ. ಬ್ರೋಕರ್ ಹೆಮ್ಮೆಯಿಂದ ತಾರಸಿಯ ಪೈಪು ತೋರಿಸಿದ. ಅದು ಅರ್ಧಕ್ಕೇ ನಿಂತು ಪಕ್ಕದ ಮನೆಯ ಕರಿಬೇವಿನ ಗಿಡಕ್ಕೆ ಅಭಿಷೇಕ ಮಾಡುವಂತಿತ್ತು. ಸೆಟ್‌ಬ್ಯಾಕಿನ ಕೃಪೆ! ನಮ್ಮ ಕಿಟಕಿಯಿಂದ ಕೈ ಚಾಚಿದರೆ ಅವರ ಒಗ್ಗರಣೆಗೆ ಸಾಸಿವೆ ಹಾಕಬಹುದು.

ಕಾಗದದ ವಿಷಯದಲ್ಲಿ ನಾನೂ ದಡ್ಡನಲ್ಲ. ಮೂವತ್ತು ವರ್ಷದ ಋಣಭಾರ ಪತ್ರ (ಇಸಿ) ತೆಗೆಸಿದ್ದೆ, ಒಂದು ಕಪ್ಪು ಚುಕ್ಕೆಯಿಲ್ಲ. "ನೋಂದಣಿಯಾದ ಕ್ರಯ, ಅಡಮಾನ ಅದರಲ್ಲಿ ಕಾಣುತ್ತೆ ಕಣೋ, ಒರತೆ ಕಾಣಲ್ಲ. ನಕ್ಷೆ ಕೊಡಿಸು" ಅಂದರು. ಬ್ರೋಕರ್ ಹತ್ತು ನಿಮಿಷ ಫೋನಿನಲ್ಲಿ ಯಾರನ್ನೋ ಗೋಗರೆದು ಮಂಜೂರಾದ ನಕ್ಷೆ ತರಿಸಿದ. ಅದರಲ್ಲಿ ನೆಲಮಹಡಿ, ಮೇಲೆ ಎರಡು ಮಹಡಿ, ಅಷ್ಟೇ. ನಾವು ನಿಂತಿದ್ದ ಮನೆ ಇರಲೇ ಇಲ್ಲ! ಸರ್ಕಾರದ ಲೆಕ್ಕದಲ್ಲಿ ಆ ಗಳಿಗೆ ನಾವು ಓವರ್‌ಹೆಡ್ ಟ್ಯಾಂಕಿನೊಳಗೆ ನಿಂತು ಮಾತಾಡುತ್ತಿದ್ದೆವು.

"ಓಸಿ?"

"ಅಕ್ರಮ-ಸಕ್ರಮದಲ್ಲಿ ಆಗ್ಹೋಗುತ್ತೆ ಸಾರ್."

ನಿಯಮ ಮೀರಿದ ಕಟ್ಟಡಗಳನ್ನು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2017ರ ಜನವರಿಯಲ್ಲಿ. ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಇಲ್ಲದೆ ಕರೆಂಟು, ನೀರು ಕೊಡಬೇಡಿ ಎಂದು ಅದೇ ಕೋರ್ಟು ಹೇಳಿ ಇನ್ನೂ ತಿಂಗಳೂ ತುಂಬಿರಲಿಲ್ಲ. ಚಿಕ್ಕಪ್ಪ ಇದನ್ನೆಲ್ಲ ಸತ್ಯನಾರಾಯಣ ಕಥೆಯಂತೆ ವಿವರಿಸಿದರು. ಬ್ರೋಕರ್ ಕೈಕಟ್ಟಿ ಕೇಳಿಸಿಕೊಂಡ.

ಮೆಟ್ಟಿಲಿಳಿಯುವಾಗ ಅವನು ನನ್ನನ್ನು ಬಿಟ್ಟು ಅವರ ಪಕ್ಕಕ್ಕೆ ಸರಿದ. "ಸಾರ್, ನಾನೂ ಒಂದು ಫ್ಲ್ಯಾಟ್ ನೋಡ್ತಿದೀನಿ. ಅಡ್ವಾನ್ಸ್ ಕೊಡೋಕೆ ಮುಂಚೆ, ಭಾನುವಾರ ಒಂದ್ಸಲ ಬರ್ತೀರಾ? ಗೋಲಿ ಮರೀಬೇಡಿ."