ತೋರುಬೆರಳಿನ ಅರ್ಥಶಾಸ್ತ್ರ: ಖಾಸಬಾಗದಲ್ಲಿ ಸಿರಿವಂತನ ಶೋಧ

ಸಿರಿವಂತರಿಂದ ಹೆಚ್ಚು ತೆರಿಗೆ ಎತ್ತಿ ಸರಕಾರದ ಸಾಲ ಇಳಿಸಬೇಕೆಂಬ ಸಿದ್ಧಾಂತಕ್ಕೆ ಮೂರು ಅಂಗ: ಸಾಲ, ತೆರಿಗೆ, ಸಿರಿವಂತ. ಮೊದಲೆರಡು ಇರುವುದರಲ್ಲಿ ಯಾರಿಗೂ ಸಂದೇಹವಿಲ್ಲ. ಮೂರನೆಯದು ಇದೆಯೆಂದು ಎಲ್ಲರೂ ಬಲ್ಲರು, ಕಂಡವರಿಲ್ಲ.

ಸಾಲದ ವಿಚಾರ ಬೇಗ ಮುಗಿಯುತ್ತದೆ. ಕರ್ನಾಟಕದ 2025-26ರ ಬಜೆಟ್ಟಿನ ಅಂದಾಜಿನಂತೆ ವರ್ಷದ ಕೊನೆಗೆ ರಾಜ್ಯದ ಮೇಲಿರುವ ಹೊಣೆ 7,64,655 ಕೋಟಿ ರೂಪಾಯಿ, ಅಂದರೆ ರಾಜ್ಯದ ಒಟ್ಟು ಉತ್ಪನ್ನದ ಶೇ. 24.91. ವಿತ್ತೀಯ ಹೊಣೆಗಾರಿಕೆ ಕಾಯ್ದೆ ಎಳೆದ ಗೆರೆ ಶೇ. 25. ನಡುವೆ ಉಳಿದ ಸಂದಿಯಲ್ಲಿ ಮಗ್ಗದ ಲಾಳಿಯೂ ಹಾಯದು. 2011ರ ಜನಗಣತಿಯ 6.11 ಕೋಟಿ ತಲೆಗಳಿಗೆ ಹಂಚಿದರೆ ತಲೆಗೆ ಸುಮಾರು 1.25 ಲಕ್ಷ; ಆಮೇಲೆ ಹುಟ್ಟಿದವರು ಸದ್ಯಕ್ಕೆ ಪಾರು. ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿ ಅಕ್ಕಿ ಒಯ್ದವನ ಹೆಸರು ಇರುತ್ತದೆ. ಸರಕಾರದ ವಹಿಯಲ್ಲಿ ಆ ಅನುಕೂಲವಿಲ್ಲ.

ತೆರಿಗೆಯ ಶಾಸ್ತ್ರ ಹಳೆಯದು. ಬರಿದಾದ ಬೊಕ್ಕಸ ತುಂಬುವ ಬಗೆಯನ್ನು ಕೌಟಿಲ್ಯ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ಬಿಡಿಸಿ ಹೇಳಿದ್ದಾನೆ. ಚಿನ್ನ-ಬೆಳ್ಳಿಯ ವ್ಯಾಪಾರಿಗೆ 50, ನೂಲು-ಬಟ್ಟೆಯವನಿಗೆ 40, ಧಾನ್ಯದವನಿಗೆ 30. ಬೆಳಗಾವಿಯ ಖಾಸಬಾಗ, ವಡಗಾವಿ, ಶಹಾಪುರದ ಜವಳಿಯವರು ಆಗಿನಿಂದಲೂ ಎರಡನೆಯ ಪಂಕ್ತಿಯವರೆಂದು ಇದರಿಂದ ಸಿದ್ಧವಾಗುತ್ತದೆ. ಈ ವಸೂಲಿಗೆ ಆತ ಇಟ್ಟ ಹೆಸರು ‘ಪ್ರಣಯ’. ಒಮ್ಮೆ ಮಾತ್ರ, ಎರಡನೆಯ ಸಲ ಕೂಡದು ಎಂಬ ಷರತ್ತೂ ಉಂಟು. ಮುಂದಿನ ಸರಕಾರಗಳು ಪ್ರಣಯವನ್ನು ಉಳಿಸಿಕೊಂಡು ಷರತ್ತನ್ನು ಕೈಬಿಟ್ಟವು.

1970ರ ದಶಕದ ಆರಂಭದಲ್ಲಿ ಈ ಪ್ರಣಯ ಪರಾಕಾಷ್ಠೆ ಮುಟ್ಟಿತು. ಮೇಲಿನ ಹಂತದ ಆದಾಯಕ್ಕೆ ಮೇಲ್ತೆರಿಗೆ ಸೇರಿ ಶೇ. 97.75, ನೂರು ರೂಪಾಯಿ ಗಳಿಸಿದವನ ಕೈಯಲ್ಲಿ ಎರಡೂಕಾಲು. ಪರಿಣಾಮವಾಗಿ ದೇಶದಲ್ಲಿ ಎರಡು ನಂಬರಿನ ವಹಿ ಬರೆಯುವ ವಿದ್ಯೆ ಬೆಳೆಯಿತು. ದರ ಇಳಿಸದೆ ಕಳ್ಳಲೆಕ್ಕ ನಿಲ್ಲದೆಂದು ಸರಕಾರವೇ ನೇಮಿಸಿದ ವಾಂಛೂ ಸಮಿತಿ ಹೇಳಬೇಕಾಯಿತು.

ಇನ್ನು ಸಂಪತ್ತಿನ ತೆರಿಗೆ. ನಿಕೊಲಸ್ ಕಾಲ್ಡೋರ್ ಎಂಬ ಪಂಡಿತನ ಸಲಹೆಯಿಂದ 1957ರಲ್ಲಿ ಹುಟ್ಟಿದ್ದು. ಕೊನೆಗಾಲದಲ್ಲಿ 30 ಲಕ್ಷದ ಮೇಲಿನ ಸಂಪತ್ತಿಗೆ ಶೇ. 1. ಸಂಪತ್ತು ಎಂದರೇನು ಎಂಬಲ್ಲಿ ಕಾಯ್ದೆಯ ಸೂಕ್ಷ್ಮದೃಷ್ಟಿ ಮೆಚ್ಚತಕ್ಕದ್ದು: ಬೋರಮಾಳ ಸಂಪತ್ತು, ಷೇರು ಸಂಪತ್ತಲ್ಲ. ವಿಹಾರನೌಕೆಯೂ ಪಟ್ಟಿಯಲ್ಲಿತ್ತು, ಖಾಸಬಾಗದಲ್ಲಿ ಅದನ್ನು ಕಟ್ಟಿಹಾಕಲು ಜಾಗವಿಲ್ಲ. 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ. ಅಷ್ಟನ್ನೂ ಕರ್ನಾಟಕಕ್ಕೇ ಕೊಟ್ಟಿದ್ದರೆ, ಬಡ್ಡಿ ಬಿಟ್ಟು, ಮೇಲೆ ಹೇಳಿದ ಸಾಲ ತೀರಲು ಸುಮಾರು 759 ವರ್ಷ. 1204ರಲ್ಲಿ ಕಟ್ಟಿದ ಬೆಳಗಾವಿಯ ಕಮಲ ಬಸದಿಗೆ ಅರವತ್ತು ತುಂಬಿದ ಹೊತ್ತಿಗೆ ಕಂತು ಶುರುಮಾಡಿದ್ದರೆ ಈಗ ಮುಗಿಯುತ್ತಿತ್ತು. 2015ರ ಬಜೆಟ್ಟಿನಲ್ಲಿ ಕೇಂದ್ರದ ಹಣಕಾಸು ಮಂತ್ರಿ ಅರುಣ್ ಜೇಟ್ಲಿ ಸಂಪತ್ತಿನ ತೆರಿಗೆಯನ್ನೇ ತೆಗೆದು, ಕೋಟಿ ಮೀರಿದ ಆದಾಯಕ್ಕೆ ಶೇ. 2 ಹೆಚ್ಚಿನ ಮೇಲ್ತೆರಿಗೆ ಹಾಕಿದರು.

ಉಳಿದದ್ದು ಸಿರಿವಂತ. ಇವನನ್ನು ಹುಡುಕಲು ರವಿವಾರದ ಸಂತೆಯ ದಿನಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ನಾಲ್ಕು ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ ಕೂತವರು ಕೈ ನಿಲ್ಲಿಸದೆ ಉತ್ತರಿಸುತ್ತಾರೆ: “ನಾವೆಲ್ಲಿ ಸಾವಕಾರ್ರು ಬಿಡ್ರಿ, ಆ ಮೂಲಿಮನಿ ಕಾಕಾರನ್ನ ಕೇಳ್ರಿ, ಇಪ್ಪತ್ತು ಮಗ್ಗ ಅದಾವು.” ಇಪ್ಪತ್ತು ಮಗ್ಗದ ಕಾಕಾರ ಪ್ರಕಾರ ಇಪ್ಪತ್ತು ಮಗ್ಗವೆಂದರೆ ಇಪ್ಪತ್ತು ಸಾಲ, ಸಿರಿವಂತರು ಸೀರೆ ಕೊಳ್ಳುವ ಶಹಾಪುರದ ಪೇಟೆಯಲ್ಲಿದ್ದಾರೆ. ಶಹಾಪುರದ ಬೆರಳು ಟಿಳಕವಾಡಿಯತ್ತ, ಟಿಳಕವಾಡಿಯದು ಬೆಂಗಳೂರಿನತ್ತ. ಇದರಿಂದ ಲಕ್ಷಣ ಸಿದ್ಧ: ಸಿರಿವಂತನೆಂದರೆ ಮುಂದಿನ ಓಣಿಯಲ್ಲಿರುವವನು. ಹೆಚ್ಚು ತೆರಿಗೆಯ ಸಿದ್ಧಾಂತಕ್ಕೆ ಎಲ್ಲ ಓಣಿಗಳಲ್ಲೂ ಸರ್ವಾನುಮತದ ಬೆಂಬಲ ಸಿಗುವುದು ಈ ಕಾರಣಕ್ಕೆ.

ಸಿಕ್ಕಿಬಿದ್ದ ಸಿರಿವಂತನಿಗೂ ಒಂದು ದಾರಿಯುಂಟು. ಗೋವಾ ದಿಕ್ಕಿನ ಖಾನಾಪುರ ರಸ್ತೆ ಹಿಡಿದು, ಗೇರುಗಿಡಗಳಿರುವ ನಾಲ್ಕೆಕರೆ ಕೊಂಡರೆ ಆತ ರೈತ. 1961ರ ಆದಾಯ ತೆರಿಗೆ ಕಾಯ್ದೆ ಕೃಷಿ ಆದಾಯವನ್ನು ಮುಟ್ಟಲಿಲ್ಲ. ಆ ಗೇರು ಎಷ್ಟು ಬಿಟ್ಟಿತೆಂಬುದು ಸಸ್ಯಶಾಸ್ತ್ರದ ಪ್ರಶ್ನೆಯಲ್ಲ, ಲೆಕ್ಕಪರಿಶೋಧಕರದು. ನಿಜವಾಗಿ ಗೇರು ಬೆಳೆಯುವವನಿಗೆ ಈ ವಿನಾಯಿತಿಯಿಂದ ಆಗುವ ಲಾಭ ಅತ್ಯಲ್ಪ. ತೆರಿಗೆ ಬೀಳುವಷ್ಟು ಆದಾಯ ಆತನಿಗೆ ಅಪರೂಪ.

ದಾರಿ ತಪ್ಪಿ ಒಬ್ಬ ಪ್ರಾಮಾಣಿಕ ಸಿರಿವಂತ ಮೇಲ್ತೆರಿಗೆ ಕಟ್ಟಿದನೆನ್ನಿ. ಸಂವಿಧಾನದ 270ನೆಯ ವಿಧಿಯಂತೆ ಮೇಲ್ತೆರಿಗೆ ಮತ್ತು ಸೆಸ್ಸು ರಾಜ್ಯಗಳೊಡನೆ ಹಂಚಿಕೆಯಾಗುವ ಗಂಟಿಗೆ ಸೇರುವುದಿಲ್ಲ. ಆ ಹಣ ಪೂರ್ತಿ ದಿಲ್ಲಿಗೆ. ವ್ಯಾಪಾರದ ಆದಾಯಕ್ಕೆ ತಾನೇ ತೆರಿಗೆ ಹಾಕೋಣವೆಂದರೆ ರಾಜ್ಯಕ್ಕೆ ಅಧಿಕಾರವಿಲ್ಲ. ಅದರ ಪಾಲಿಗೆ ಬಂದದ್ದು ಕೃಷಿ ಆದಾಯ, ಅಂದರೆ ಗೇರು. ಹೀಗಾಗಿ 2012ರಲ್ಲಿ ಹಲಗಾದ ಬಳಿ ಎದ್ದ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಲ್ಲಿ ರಾಜ್ಯದ ಸಾಲದ ಮೇಲೆ ಎಷ್ಟು ಚರ್ಚೆಯಾದರೂ, ಎದುರಿನ ಊರಿನ ಸಿರಿವಂತನ ಮೇಲ್ತೆರಿಗೆ ಅದಕ್ಕೆ ಜಮೆಯಾಗದು.

ಕಂಡಿಕೆಗೆ ಸುತ್ತುವ ಹತ್ತಿ ನೂಲಿನ ಮೇಲೆ ಜಿಎಸ್‌ಟಿ ಶೇ. 5. ಅದರಲ್ಲಿ ರಾಜ್ಯಕ್ಕೂ ಪಾಲುಂಟು. ಖಾನಾಪುರದಲ್ಲಿ ಹೊಲ ಕೊಂಡರೂ ಇದು ತಪ್ಪುವುದಿಲ್ಲ.