ಪ್ರೋ ಜೊತೆ ಆಡಿದ ರಾಯರು

ಕ್ಲಬ್ಬಿನ ಜಗಲಿಯಲ್ಲಿ ಯಾರಾದರೂ "ಮಳೆ ಬರೋ ಹಾಗಿದೆ" ಅಂದರೆ ಸಾಕು, "ನಾನು ಪ್ರೋ ಜೊತೆ ಆಡಿದ ದಿನವೂ ಹೀಗೇ ಮೋಡ ಕಣ್ರೀ" ಎಂದು ಕುರ್ಚಿ ಎಳೆದುಕೊಳ್ಳುವವರು ಒಬ್ಬರಿರುತ್ತಾರೆ. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿರುವ 1876ರ ಕ್ಲಬ್ಬಾಗಲಿ, ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಆಗಲಿ, ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಾಗಲಿ, ಕೊಡಗಿನ ಬಿಟ್ಟಂಗಾಲವಾಗಲಿ, ಗಾಲ್ಫ್ ಇದ್ದಲ್ಲಿ ಇವರು ಇದ್ದೇ ಇರುತ್ತಾರೆ. ಅನುಕೂಲಕ್ಕೆ ರಾಯರು ಅನ್ನೋಣ.

ರಾಯರ ಹ್ಯಾಂಡಿಕ್ಯಾಪ್ 22. ಅಂದರೆ 72 ಹೊಡೆತಗಳ ಮೈದಾನವನ್ನು 94ರಲ್ಲಿ ಮುಗಿಸಿದರೆ ಅವತ್ತು ಮನೆಯವರ ಜೊತೆ ನಗುನಗುತ್ತಾ ಮಾತಾಡುತ್ತಾರೆ. ಇಂಥವರು ವೃತ್ತಿಪರ ಆಟಗಾರರ ಜೊತೆ ಆಡುವುದು ಹೇಗೆ ಅನ್ನುತ್ತೀರಾ? ಅದಕ್ಕೆಂದೇ ಪ್ರೋ-ಆಮ್ ಇದೆ. ದೊಡ್ಡ ಟೂರ್ನಿ ಶುರುವಾಗುವ ಮುನ್ನ ಒಬ್ಬ ಪ್ರೋ ಜೊತೆ ಮೂರು ನಾಲ್ಕು ಹವ್ಯಾಸಿಗಳನ್ನು ಸೇರಿಸಿ ಆಡಿಸುತ್ತಾರೆ. ಕ್ರಿಕೆಟ್ಟಿನಲ್ಲಿ ಕೊಹ್ಲಿ ಜೊತೆ ಬ್ಯಾಟ್ ಹಿಡಿದು ಇಳಿಯುತ್ತೇನೆ ಅಂದರೆ ಪೊಲೀಸರು ಬರುತ್ತಾರೆ. ಗಾಲ್ಫಿನಲ್ಲಿ ಪ್ರಾಯೋಜಕರು ಉಪ್ಪಿಟ್ಟು ಕೊಟ್ಟು, ಹೆಸರು ಬರೆದ ಟೋಪಿ ಕೊಟ್ಟು ಕರೆದೊಯ್ಯುತ್ತಾರೆ. ರಾಯರಿಗೆ ಈ ಭಾಗ್ಯ ಒದಗಿದ್ದು ಬ್ಯಾಂಕಿನಲ್ಲಿಟ್ಟ ಠೇವಣಿಯಿಂದ. ಆದರೆ ಅವರು ಹೇಳುವಾಗ ಆ ಭಾಗ ಬರುವುದಿಲ್ಲ. "ಕರೆದರು, ಹೋದೆ" ಅಷ್ಟೇ.

ರಾಯರ ಕಣ್ಣು ಚುರುಕು. ಅವತ್ತು ಅವರು ಗಮನಿಸಿದ್ದರಲ್ಲಿ ಒಂದೂ ಸುಳ್ಳಲ್ಲ. ಮೊದಲಿಗೆ ಸದ್ದು. ಪ್ರೋ ಐರನ್ ಬೀಸಿದರೆ ಕೋಲು ಮೊದಲು ಚೆಂಡಿಗೆ ತಾಗಿ, ಆಮೇಲೆ ಅದರ ಮುಂದಿನ ಹುಲ್ಲನ್ನು ತೆಳ್ಳಗೆ ಕೆತ್ತುತ್ತದೆ. "ನಮ್ಮದು ಮೊದಲು ಭೂಮಿಪೂಜೆ, ಚೆಂಡು ಆಮೇಲೆ" ಎಂದು ರಾಯರೇ ನಗುತ್ತಾರೆ. ಎರಡನೆಯದು, ಅವಸರವಿಲ್ಲದಿರುವುದು. ಪ್ರೋ ಬೀಸಿದ್ದು ನೋಡಿದರೆ ಇನ್ನೂ ಅಭ್ಯಾಸಕ್ಕೆ ತೋಳು ಸಡಿಲ ಮಾಡಿಕೊಳ್ಳುತ್ತಿದ್ದಾನೇನೋ ಅನ್ನಿಸುತ್ತದೆ. ಚೆಂಡು ನೋಡಿದರೆ 300 ಗಜದಾಚೆ. ರಾಯರು ಹಲ್ಲು ಕಚ್ಚಿ, ಉಸಿರು ಕಟ್ಟಿ, ಮೊಣಕಾಲು ನಡುಗಿಸಿ ಬೀಸಿದರೂ ಅದರ ಮೂರರಲ್ಲಿ ಎರಡು ಪಾಲು ದಾಟಿದರೆ ಹೆಚ್ಚು.

ಮೂರನೆಯದು ಅವರಿಗೆ ಕೊಂಚ ನಿರಾಸೆ ತಂದಿತು. ಬಾವುಟ ಬಂಕರಿನ ಹಿಂದೆ ಅಡಗಿ ನಿಂತಿದ್ದರೆ ಪ್ರೋ ಅದರ ತಂಟೆಗೇ ಹೋಗಲಿಲ್ಲ, ಗ್ರೀನಿನ ನಟ್ಟನಡುವೆ ಇಳಿಸಿದ. ಚೆಂಡು ಮರದ ಬುಡಕ್ಕೆ ಸೇರಿದಾಗ ಎಲೆಗಳ ಸಂದಿಯಲ್ಲಿ ಪವಾಡ ತೋರಿಸುತ್ತಾನೆಂದು ರಾಯರು ಫೋನು ಹಿಡಿದು ನಿಂತರು. ಅವನು ಸುಮ್ಮನೆ ಅಡ್ಡಕ್ಕೆ ತಟ್ಟಿ ಫೇರ್‌ವೇಗೆ ತಂದುಕೊಂಡ. ಇಂಥ ಹೊಡೆತವನ್ನು ರಾಯರು ಜನ್ಮದಲ್ಲಿ ಹೊಡೆದವರಲ್ಲ. ಅದು ಅವರಿಗೆ ಅವಮಾನ.

ನಾಲ್ಕನೆಯದು ಮಾತ್ರ ಪರಮಾನಂದ. ಎಂಟು ಅಡಿಯ ಪಟ್ ಒಂದನ್ನು ಪ್ರೋ ಕಳೆದುಕೊಂಡ! "ಅವನೂ ಮಿಸ್ ಮಾಡ್ತಾನೆ ಕಣ್ರೀ, ನಮ್ಮ ಹಾಗೇ!" ಎಂದು ರಾಯರು ಎಷ್ಟು ಜನರಿಗೆ ಹೇಳಿದ್ದಾರೋ. ಜಗತ್ತಿನ ಅತ್ಯುತ್ತಮರು ಕೂಡ ಎಂಟು ಅಡಿಯಿಂದ ಹಾಕುವುದು ಹೆಚ್ಚೂಕಡಿಮೆ ಎರಡಕ್ಕೊಂದು. ರಾಯರು ಆ ಲೆಕ್ಕವನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದಾರೆ. ಪಟ್ ತಪ್ಪಿದ ಮೇಲೆ ಪ್ರೋ ಮುಖದ ಒಂದು ಗೆರೆಯೂ ಅಲುಗದೆ ಮುಂದಿನ ಟೀಗೆ ನಡೆದ, ಆಟ ಮುಗಿದ ಮೇಲೆ ಅಭ್ಯಾಸದ ಗ್ರೀನಿಗೆ ಹೋಗಿ ಅದೇ ಎಂಟು ಅಡಿಯಿಂದ ಕತ್ತಲಾಗುವ ತನಕ ಪಟ್ ಹೊಡೆಯುತ್ತಿದ್ದ. ಅದನ್ನೂ ರಾಯರು ನೋಡಿದ್ದಾರೆ, ಹತ್ತೊಂಬತ್ತನೇ ಹೋಲ್ ಎಂದು ಕರೆಸಿಕೊಳ್ಳುವ ಬಾರಿನ ಕಿಟಕಿಯಿಂದ.

ಇಷ್ಟೆಲ್ಲ ಕಂಡ ಮೇಲೆ ಅವರು ಮನೆಗೆ ತಂದದ್ದೇನು? ಅಂಗಡಿಯಲ್ಲಿ ಸಿಗುವಷ್ಟನ್ನು ತಂದರು. ಪ್ರೋ ಹಾಕಿದ ಕೈಗವಸು, ಪ್ರೋ ತೊಟ್ಟ ಶೂ, ಪ್ರೋ ಕುಡಿದ ಬಣ್ಣದ ನೀರು. ಪ್ರೋ ಜೇಬಿನಿಂದ ಆಗಾಗ ತೆಗೆದು ನೋಡುತ್ತಿದ್ದ ದೂರ ಬರೆದಿಟ್ಟ ಪುಸ್ತಕದಂಥದೇ ಒಂದು, ಚರ್ಮದ ಹೊದಿಕೆಯ ಸಮೇತ. ಸದ್ಯಕ್ಕೆ ಅದರಲ್ಲಿ ಯಾರು ಯಾರಿಗೆ ಬಾಜಿಯ ದುಡ್ಡು ಕೊಡಬೇಕು ಎಂಬ ಲೆಕ್ಕವಿದೆ.

ಬೆರಳಿನ ವಿದ್ಯೆಯೂ ಬಂತು. ಗ್ರೀನಿನ ಇಳಿಜಾರನ್ನು ಪಾದದಿಂದ ಅಳೆದು, ಅಷ್ಟು ಬೆರಳು ಎತ್ತಿ ಹಿಡಿದು ಗುರಿ ನಿರ್ಧರಿಸುವುದು ಈಗ ಅನೇಕ ಪ್ರೋಗಳ ಪದ್ಧತಿ. ರಾಯರು ಮೊದಲ ಸಲ ಗಂಭೀರವಾಗಿ ಎರಡು ಬೆರಳು ಎತ್ತಿದಾಗ, ಅವರ ಬ್ಯಾಗು ಹೊರುವ, ಸರ್ಕಾರಿ ಶಾಲೆಯಲ್ಲಿ ಓದಿದ ಕ್ಯಾಡಿ ಗಾಬರಿಯಾಗಿ, "ಸಾರ್, ಕ್ಲಬ್‌ಹೌಸ್ ದೂರ ಆಯ್ತು. ಹದಿಮೂರನೇ ಟೀ ಹತ್ರ ಒಂದಿದೆ, ತಡ್ಕೋತೀರಾ?" ಅಂದ.

ಕ್ಯಾಡಿಯ ಕಷ್ಟ ಕೇಳಬೇಡಿ. ಕೆರೆಯ ಆಚೆಗೆ ಗ್ರೀನು, 150 ಗಜ.

"ಐದು ನಂಬರ್ ಐರನ್ ತಗೊಳ್ಳಿ ಸಾರ್."

"ಪ್ರೋ ಇಲ್ಲಿಂದ ಒಂಬತ್ತು ಹೊಡೆದ ಕಣಯ್ಯ, ನಾನೇ ನೋಡಿದೀನಿ."

"ಅವ್ರಿಗೆ ಹೋಗುತ್ತೆ ಸಾರ್."

"ನನಗೂ ಒಂದ್ಸಲ ಹೋಗಿತ್ತು."

ಹೋಗಿತ್ತು, ನಿಜ. ಹಿಂದಿನಿಂದ ಗಾಳಿ ಬೀಸಿ, ಚೆಂಡು ಗಾಡಿ ದಾರಿಯ ಕಾಂಕ್ರೀಟಿಗೆ ಬಡಿದು ಪುಟಿದ ದಿನ. ರಾಯರು ಕೋಲು ಆರಿಸುವುದು ಆ ದಿನದ ಆಧಾರದ ಮೇಲೆ. ಕೆರೆ ಇನ್ನೊಂದು ಚೆಂಡನ್ನು ಸ್ವೀಕರಿಸಿತು. ಕೆರೆಗಲ್ಲದೆ ಪೊದೆಗೆ ಹೋಗಿ ಕಳೆದ ಚೆಂಡನ್ನು ಹುಡುಕಲು 2019ರಿಂದ ನಿಯಮದಲ್ಲಿ ಇರುವುದು ಮೂರೇ ನಿಮಿಷ. ರಾಯರು ಹುಡುಕುವಾಗ ಹಿಂದಿನ ತಂಡದವರು ಎಳನೀರು ಕುಡಿದು ಮುಗಿಸಿರುತ್ತಾರೆ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ವಿಷಯ ಬಂದರೆ ರಾಯರಿಗೆ ಎದೆಯುಬ್ಬುತ್ತದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದದ್ದು, ಒಂದೇ ಹೊಡೆತದಲ್ಲಿ ಪದಕ ತಪ್ಪಿದ್ದು, ಅಮ್ಮನೇ ಕ್ಯಾಡಿಯಾಗಿ ಬ್ಯಾಗು ಹೊತ್ತದ್ದು ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. "ದೂರ ಹೊಡೆಯೋದರಲ್ಲಿ ಆಯಮ್ಮ ಎಲ್ಲರಿಗಿಂತ ಹಿಂದೆ ಕಣ್ರೀ. ಪಟ್ಟಿಂಗ್‌ನಲ್ಲೇ ಎಲ್ಲರನ್ನೂ ಹಿಡಿದರು! ಅದರಲ್ಲಿ ಪಾಠ ಇದೆ." ಹೀಗಂದ ವಾರದಲ್ಲೇ ರಾಯರು ಇನ್ನೂ ಇಪ್ಪತ್ತು ಗಜ ದೂರ ಹೋಗುತ್ತದೆಂಬ ಭರವಸೆಯ ಮೇಲೆ ಹೊಸ ಡ್ರೈವರ್ ಕೊಂಡರು. ಬೆಲೆಯನ್ನು ಮನೆಯಲ್ಲಿ ಅರ್ಧ ಮಾಡಿ ಹೇಳಿದರು. ಹಳೆಯದನ್ನು ಉದಾರವಾಗಿ ಕ್ಯಾಡಿಗೆ ಕೊಟ್ಟರು.

ಉಪದೇಶದಲ್ಲೂ ರಾಯರು ಉದಾರಿ. ಹೊಡೆತ ಎಣಿಸುವ ಸ್ಪರ್ಧೆಯಲ್ಲಿ ಜೊತೆ ಆಡುವವರಿಗೆ ಹೊಡೆತದ ಬಗ್ಗೆ ಸಲಹೆ ಕೊಟ್ಟರೆ ಎರಡು ಹೊಡೆತ ದಂಡವೆಂದು ನಿಯಮವಿದೆ. ಪ್ರೋ-ಆಮ್‌ನಲ್ಲಿ ಆ ಪ್ರೋ ಕೇಳದ ಹೊರತು ಯಾರಿಗೂ ಒಂದು ಮಾತು ಹೇಳಲಿಲ್ಲ. ರಾಯರು ಆಡಿದ್ದನ್ನು ಹದಿನೆಂಟು ಹೋಲ್ ಉದ್ದಕ್ಕೂ ಕಣ್ಣಾರೆ ಕಂಡೂ ತಡೆದುಕೊಂಡ. ಕೊನೆಯಲ್ಲಿ ರಾಯರೇ, "ನನ್ನ ಆಟದಲ್ಲಿ ಏನನ್ನಿಸಿತು?" ಎಂದು ಕೇಳಿದ್ದಕ್ಕೆ, "ನಿಮ್ಮ ಜೊತೆ ಸಮಯ ಹೋಗಿದ್ದೇ ಗೊತ್ತಾಗಲಿಲ್ಲ ಸಾರ್" ಅಂದನಂತೆ. ಅಂಥ ಸಂಯಮಿಯ ಶಿಷ್ಯರಾದ ರಾಯರು ಈಗ ಕ್ಲಬ್ಬಿನ ಸಾಫ್ಟ್‌ವೇರ್ ಹುಡುಗರನ್ನು ಟೀಯಲ್ಲೇ ತಡೆದು, "ಸೊಂಟ ಮೊದಲು ತಿರುಗಬೇಕು, ಪ್ರೋ ಹಾಗೇ ಮಾಡ್ತಿದ್ದ" ಎನ್ನುತ್ತಾರೆ. ನೆಟ್ಟಗೆ ಹೊಡೆಯುತ್ತಿದ್ದ ಒಬ್ಬ ಹುಡುಗ ಈಗ ಸೊಂಟ, ಭುಜ, ಮಣಿಕಟ್ಟುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಬೀಸುತ್ತಾನೆ, ಚೆಂಡು ಪಕ್ಕದ ಫೇರ್‌ವೇಯಲ್ಲಿ ಬೀಳುತ್ತದೆ.

ಅವತ್ತು ಆ ಪ್ರೋ ಜೊತೆ ಹದಿನೆಂಟು ಹೋಲ್ ನಡೆದವನು ಇನ್ನೊಬ್ಬನಿದ್ದ. ರಾಯರ ಬ್ಯಾಗು ಹೊತ್ತ ಕ್ಯಾಡಿ. ಅವನು ಫೋಟೋ ತೆಗೆಸಿಕೊಳ್ಳಲಿಲ್ಲ, ಸುಮ್ಮನೆ ನೋಡಿದ. ನಮ್ಮ ದೇಶದಲ್ಲಿ ಹೀಗೆ ನೋಡಿ ಕಲಿತವರ ದೊಡ್ಡ ಪರಂಪರೆಯೇ ಇದೆ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೆ ಗೆದ್ದರು. ಕೋಲ್ಕತ್ತದ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ, ಪ್ರೋ ಎಸ್.ಎಸ್.ಪಿ. ಚೌರಾಸಿಯಾ. ನಮ್ಮ ಕರ್ನಾಟಕದ ಪ್ರೋ ಚಿಕ್ಕರಂಗಪ್ಪ ಬಿಡದಿಯ ಈಗಲ್‌ಟನ್ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯ ಹುಡುಗ.

ಕ್ಲಬ್ಬಿಗೆ ಸೋಮವಾರ ರಜೆ. ಅವತ್ತು ಮೈದಾನ ಕ್ಯಾಡಿಗಳದ್ದು. ಮರೆತ ಛತ್ರಿಗೆಂದು ಒಂದು ಸೋಮವಾರ ಬಂದ ರಾಯರು, ತಮ್ಮ ಹಳೇ ಡ್ರೈವರಿನಿಂದ ಕ್ಯಾಡಿ ಹೊಡೆದ ಚೆಂಡು ಫೇರ್‌ವೇ ನಡುವೆ 250 ಗಜದಾಚೆ ಬಿದ್ದದ್ದನ್ನು ನೋಡಿದರು. ಅವಸರವಿಲ್ಲ, ಹಲ್ಲು ಕಚ್ಚಿಲ್ಲ, ಅದೇ ಸದ್ದು. ರಾಯರು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಹತ್ತಿರ ಕರೆದು ಹೇಳಿದರು: "ಆ ಡ್ರೈವರ್ ನಿಜವಾಗಿ ಒಳ್ಳೇದಿತ್ತು ಕಣಯ್ಯ, ಅದರ ಬೆಲೆ ನನಗೆ ಗೊತ್ತಾಗಿರಲಿಲ್ಲ. ಅದು ನನಗೆ ವಾಪಸ್ ಕೊಟ್ಬಿಡು. ಬೇಕಾದ್ರೆ ಈ ಹೊಸದನ್ನ ನೀನು ಇಟ್ಕೋ."

ಕ್ಯಾಡಿ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಕೇಳದೆ ಯಾರಿಗೂ ಸಲಹೆ ಕೊಡಬಾರದೆಂದು ಅವನು ಪ್ರೋಯಿಂದ ಕಲಿತಿದ್ದ. "ಆಗ್ಲಿ ಸಾರ್" ಎಂದು ಹೊಸ ಡ್ರೈವರನ್ನು ಎರಡೂ ಕೈಯಲ್ಲಿ ಇಸಿದುಕೊಂಡ.